ಇಚ್ಛಾಸ್ವಾತಂತ್ರ್ಯದ ಪ್ರಶ್ನೆ ಪ್ರಯೋಗಾಲಯಕ್ಕೆ ಬಂದ ಬಗೆ

ತಾಳಮದ್ದಳೆಯ ಕೂಟದಲ್ಲಿ ಕೃಷ್ಣಸಂಧಾನದ ಪ್ರಸಂಗ ನಡೆಯುವಾಗ, ಕೌರವನ ಅರ್ಥಧಾರಿ ಸಮರ್ಥನಾಗಿದ್ದರೆ, ಒಂದು ಪ್ರಶ್ನೆ ಏಳುವುದುಂಟು: ಜಗತ್ತೆಲ್ಲ ನಿನ್ನ ಲೀಲೆಯೆಂದಾದರೆ ನನ್ನ ಹಟವೂ ನಿನ್ನದೇ ತಾನೇ, ಮತ್ತೆ ನನ್ನನ್ನೇಕೆ ದೂಷಿಸುವೆ? ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂಬ ಈ ವಾದ ನಮ್ಮಲ್ಲಿ ಬಹಳ ಹಳೆಯದು. ಆದರೆ ಅದೇ ಪ್ರಶ್ನೆ ಅಂಕಿಅಂಶಗಳ, ಗಡಿಯಾರಗಳ, ವಿದ್ಯುತ್ ತಂತಿಗಳ ಮುಂದೆ ಬಂದು ನಿಂತು ಸುಮಾರು ಇನ್ನೂರು ವರ್ಷಗಳಷ್ಟೇ ಆಗಿವೆ. ಆ ಈಚಿನ ಇತಿಹಾಸವನ್ನು ಸಂಘದ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಒಂದು ಕಲ್ಪನೆಯನ್ನು ಮಂಡಿಸಿದನು. ವಿಶ್ವದ ಪ್ರತಿಯೊಂದು ಕಣದ ಸ್ಥಾನವನ್ನೂ ಅದರ ಮೇಲೆ ಪ್ರವರ್ತಿಸುವ ಬಲಗಳನ್ನೂ ಒಮ್ಮೆಗೇ ಅರಿಯಬಲ್ಲ ಬುದ್ಧಿಯೊಂದಿದ್ದರೆ, ಅದಕ್ಕೆ ಭೂತಕಾಲದಂತೆ ಭವಿಷ್ಯವೂ ಕಣ್ಣೆದುರೇ ಇರುತ್ತದೆ. ಗ್ರಹಗಳ ಚಲನೆಗೆ ಒಪ್ಪುವ ಮಾತು ಮನುಷ್ಯನ ಮಿದುಳಿಗೂ ಒಪ್ಪಬೇಕಲ್ಲವೇ ಎಂಬ ಅಳುಕು ಅಲ್ಲಿಂದ ಆರಂಭವಾಯಿತು. ಅದೇ ಗ್ರಂಥದಲ್ಲಿ ಅವನು ಇನ್ನೊಂದು ಸಣ್ಣ ಸಂಗತಿಯನ್ನೂ ಹೇಳಿದ್ದಾನೆ. ಪ್ಯಾರಿಸ್ಸಿನ ಅಂಚೆಕಚೇರಿಯಲ್ಲಿ ತಲುಪಿಸಲಾಗದೆ ಉಳಿಯುವ ಪತ್ರಗಳ ಸಂಖ್ಯೆ ವರ್ಷ ವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ ಎಂದು. ಒಬ್ಬೊಬ್ಬರ ಮರೆವು ಅವರವರ ಸ್ವಂತದ್ದು. ಊರಿನ ಮರೆವು ಮಾತ್ರ ಲೆಕ್ಕಕ್ಕೆ ಸಿಗುವಂಥದು.

ಈ ಎಳೆಯನ್ನು ಹಿಡಿದು ಹೊರಟವನು ಬೆಲ್ಜಿಯಮ್ಮಿನ ಖಗೋಳಜ್ಞ ಕೆಟೆಲೆ. ಫ್ರಾನ್ಸಿನ ನ್ಯಾಯಾಲಯಗಳ ವರದಿಗಳನ್ನು ಜೋಡಿಸಿ ನೋಡಿದಾಗ ಕೊಲೆಗಳ ಸಂಖ್ಯೆ ಮಾತ್ರವಲ್ಲ, ಕೊಲೆಗೆ ಬಳಸಿದ ಸಾಧನಗಳ ಪ್ರಮಾಣವೂ ಪ್ರತಿವರ್ಷ ಬಹುಮಟ್ಟಿಗೆ ಒಂದೇ ಆಗಿರುವುದು ಅವನಿಗೆ ಕಂಡಿತು. 1835ರ ತನ್ನ ಗ್ರಂಥದಲ್ಲಿ, ಅಪರಾಧವನ್ನು ಸಿದ್ಧಗೊಳಿಸುವುದು ಸಮಾಜ, ಅಪರಾಧಿ ಅದರ ಉಪಕರಣ ಎಂಬರ್ಥದ ಮಾತನ್ನು ಅವನು ಬರೆದನು. ದೊಡ್ಡ ಕೋಲಾಹಲವೇ ನಡೆಯಿತು. ಗಡಿನಾಡಿನ ಶಾಲೆಗಳಲ್ಲಿ ಕೆಲಸ ಮಾಡಿದ ನಮ್ಮಂಥವರಿಗೆ ಕೆಟೆಲೆಯನ್ನು ಅರ್ಥಮಾಡಿಕೊಳ್ಳಲು ಫ್ರಾನ್ಸಿನ ಕೊಲೆಗಳು ಬೇಕಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ದಿನ ಮಕ್ಕಳ ತಲೆ ಎಣಿಸಿ ಕಳುಹಿಸುತ್ತಿದ್ದೆವು; ಆ ಎಣಿಕೆಯ ಮೇಲೆ ಕನ್ನಡ ಡಿವಿಷನ್ ಉಳಿಯುವುದೂ ಹೋಗುವುದೂ ನಿಂತಿತ್ತು. ಮಗುವನ್ನು ಇಂಗ್ಲಿಷಿಗೋ ಮಲೆಯಾಳಕ್ಕೋ ಸೇರಿಸಿದ ಪ್ರತಿ ತಂದೆಯೂ ತಾನೇ ಯೋಚಿಸಿ ನಿರ್ಧರಿಸಿದ್ದೆನ್ನುತ್ತಿದ್ದನು, ಅದರಲ್ಲಿ ಸುಳ್ಳೂ ಇರಲಿಲ್ಲ. ಆದರೂ ಹಾಜರಿ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿದರೆ, ಅಷ್ಟೂ ಮಂದಿ ಮಾತಾಡಿಕೊಂಡು ಮಾಡಿದಂತೆ ಕಾಣುತ್ತಿತ್ತು.

ಕೆಟೆಲೆಯ ಲೆಕ್ಕ ಗುಂಪಿನದು. ಒಬ್ಬ ಮನುಷ್ಯನ ಒಂದು ಸಂಕಲ್ಪವನ್ನು ಅಳೆಯುವುದು ಬೇರೆಯೇ ಕೆಲಸ. ಅದಕ್ಕೆ ದಾರಿ ಮಾಡಿಕೊಟ್ಟವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ನರಗಳಲ್ಲಿ ಸಂದೇಶ ಸಾಗುವ ವೇಗ ಅಳತೆಗೆ ಸಿಗದಷ್ಟು ಹೆಚ್ಚಿನದೆಂದು ಅವನ ಗುರು ಮ್ಯೂಲರ್ ನಂಬಿದ್ದನು. 1850ರಲ್ಲಿ ಶಿಷ್ಯನು ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದೇಬಿಟ್ಟನು: ಸೆಕೆಂಡಿಗೆ ಸುಮಾರು 27 ಮೀಟರ್, ಶಬ್ದದ ವೇಗದ ಹತ್ತನೆಯ ಒಂದು ಪಾಲೂ ಅಲ್ಲ. ಮಗನ ಈ ಶೋಧವನ್ನು ಕೇಳಿ ತಂದೆ ಬೆರಗಾದನು. ಅವನೊಬ್ಬ ಶಾಲಾ ಉಪಾಧ್ಯಾಯ, ತತ್ತ್ವಶಾಸ್ತ್ರದಲ್ಲಿ ಒಲವುಳ್ಳವನು. ಆಲೋಚನೆ ಮತ್ತು ಅದರ ದೇಹದ ಅಭಿವ್ಯಕ್ತಿ ಒಂದೇ ಕ್ಷಣದಲ್ಲಿ ಆಗುವಂಥವು, ಒಂದರ ಹಿಂದೆ ಒಂದಲ್ಲ ಎಂಬುದು ಅವನ ತಿಳಿವಳಿಕೆಯಾಗಿತ್ತು. ನಮ್ಮ ವೃತ್ತಿಯವನಾದ ಈ ಮೇಷ್ಟ್ರ ಮೇಲೆ ನನಗೆ ಒಂದಿಷ್ಟು ಪಕ್ಷಪಾತವಿದೆ. ಮುಂದೆ ನೂರೈವತ್ತು ವರ್ಷ ನಡೆದ ವಾದದ ಬೀಜ ಅವನ ಸಂಶಯದಲ್ಲಿಯೇ ಇತ್ತು.

ಆ ಬೀಜ ಮೊಳೆತದ್ದು 1964ರಲ್ಲಿ, ಫ್ರೈಬುರ್ಗ್ ನಗರದಲ್ಲಿ. ಅಲ್ಲಿಯ ನರವೈದ್ಯ ಕೋರ್ನ್‌ಹ್ಯೂಬರ್ ಮತ್ತು ಅವನ ವಿದ್ಯಾರ್ಥಿ ಡೀಕೆ ಇಬ್ಬರಿಗೂ ಒಂದು ಅಸಮಾಧಾನವಿತ್ತು. ಹೊರಗಿನಿಂದ ಬೆಳಕು, ಶಬ್ದ ಕೊಟ್ಟು ಮಿದುಳು ಹೇಗೆ ಪ್ರತಿಕ್ರಿಯಿಸುತ್ತದೆಂದು ಎಲ್ಲರೂ ನೋಡುತ್ತಾರೆ. ಮಿದುಳು ತಾನಾಗಿ ಆರಂಭಿಸುವ ಕೆಲಸವನ್ನು ಯಾರೂ ನೋಡುವುದಿಲ್ಲ ಎಂದು. ಆದರೆ ಮನುಷ್ಯ ತನಗೆ ತೋಚಿದಾಗ ಬೆರಳು ಎತ್ತುವುದಾದರೆ, ಯಾವ ಕ್ಷಣದಿಂದ ಅಳೆಯಲು ತೊಡಗಬೇಕು? ಅವರು ಕಂಡುಕೊಂಡ ಉಪಾಯ ಸರಳವಾದದ್ದು. ಮಿದುಳಿನ ವಿದ್ಯುತ್ ಏರಿಳಿತವನ್ನು ಟೇಪಿನಲ್ಲಿ ದಾಖಲಿಸಿ, ಬೆರಳು ಅಲುಗಿದ ಕ್ಷಣದಿಂದ ಟೇಪನ್ನು ಹಿಂದುಮುಂದಾಗಿ ಓಡಿಸಿದರು. ಅನೇಕ ಸಲದ ದಾಖಲೆಗಳ ಸರಾಸರಿ ತೆಗೆದಾಗ, ಚಲನೆಗೆ ಸುಮಾರು ಒಂದು ಸೆಕೆಂಡು ಮೊದಲೇ ನಿಧಾನವಾಗಿ ಏಳುವ ವಿದ್ಯುತ್ತಿನ ಅಲೆಯೊಂದು ಕಂಡಿತು. ಅದಕ್ಕೆ ಸಿದ್ಧತೆಯ ವಿಭವವೆಂದು ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಇದರಿಂದ ಇಚ್ಛಾಸ್ವಾತಂತ್ರ್ಯ ಸುಳ್ಳಾಯಿತೆಂದು ಅವರಿಬ್ಬರೂ ಎಂದೂ ಹೇಳಲಿಲ್ಲ.

ಆ ಮಾತಿಗೆ ಎಡೆಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಬೆಂಜಮಿನ್ ಲಿಬೆಟ್. ಅವನು ಕೇಳಿದ ಪ್ರಶ್ನೆ: ಅಲೆ ಏಳುವುದು ಮೊದಲೋ, ಎತ್ತಬೇಕೆಂಬ ಅರಿವು ಮೊದಲೋ? ಕುಳಿತವರ ಮುಂದೆ ಗಡಿಯಾರದಂಥ ವೃತ್ತದಲ್ಲಿ ಬೆಳಕಿನ ಚುಕ್ಕೆಯೊಂದು 2.56 ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗುತ್ತಿತ್ತು. ಮನಸ್ಸು ಬಂದಾಗ ಕೈ ಅಲುಗಿಸಬೇಕು. ಆ ಮನಸ್ಸು ಬಂದ ಕ್ಷಣದಲ್ಲಿ ಚುಕ್ಕೆ ಎಲ್ಲಿತ್ತೆಂದು ಆಮೇಲೆ ಹೇಳಬೇಕು. 1983ರಲ್ಲಿ ಹೊರಬಂದ ಫಲಿತಾಂಶದಲ್ಲಿ ಅಲೆಯು ಚಲನೆಗಿಂತ ಸುಮಾರು 550 ಮಿಲಿಸೆಕೆಂಡು ಮೊದಲು ಎದ್ದಿತ್ತು, ಅರಿವು ಮೂಡಿದ್ದು ಸುಮಾರು 200 ಮಿಲಿಸೆಕೆಂಡು ಮೊದಲು. ನಾನು ನಿರ್ಧರಿಸಿದೆ ಎಂದು ನನಗೆ ಅನ್ನಿಸುವುದಕ್ಕೆ ಮೊದಲೇ ಮಿದುಳು ಹೊರಟಿರುತ್ತದೆ ಎಂದಾಯಿತು. ಪತ್ರಿಕೆಗಳು ಇಚ್ಛಾಸ್ವಾತಂತ್ರ್ಯದ ಉತ್ತರಕ್ರಿಯೆಯನ್ನೇ ಮಾಡಿದವು. ಲಿಬೆಟ್ ಮಾತ್ರ ಅಷ್ಟು ದೂರ ಹೋಗಲಿಲ್ಲ. ಅರಿವು ಮೂಡಿದ ಮೇಲೂ ತಡೆಯಲು ಸಮಯ ಉಳಿದಿರುತ್ತದೆ, ಆರಂಭಿಸುವುದು ನಮ್ಮ ಕೈಯಲ್ಲಿ ಇಲ್ಲದಿದ್ದರೂ ಬೇಡವೆನ್ನುವುದು ನಮ್ಮ ಕೈಯಲ್ಲಿದೆ ಎಂಬುದು ಅವನ ನಿಲುವು. ಇಂದ್ರಿಯನಿಗ್ರಹದ ಮಾತು ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ.

2008ರಲ್ಲಿ ಹೇನ್ಸ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ಸ್ಕ್ಯಾನಿಂಗ್ ಯಂತ್ರದ ಸಹಾಯದಿಂದ, ಎಡಗುಂಡಿಯೋ ಬಲಗುಂಡಿಯೋ ಎಂಬುದರ ಸುಳಿವನ್ನು ಹಲವು ಸೆಕೆಂಡುಗಳ ಮೊದಲೇ ಮಿದುಳಿನಲ್ಲಿ ಹಿಡಿದರು. ಸುದ್ದಿ ದೊಡ್ಡದಾಗಿ ಬಂತು. ಆದರೆ ಊಹೆ ಸರಿಯಾದದ್ದು ನೂರಕ್ಕೆ ಸುಮಾರು 60 ಸಲ. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮಹತ್ತ್ವದ್ದು 2012ರಲ್ಲಿ ಶರ್ಗರ್ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ: ಆ ಅಲೆ ನಿಜಕ್ಕೂ ನಿರ್ಧಾರವೇ? ನಮ್ಮ ತೋಟಗಳ ಕೆಳಗಿನ ತೋಡಿಗೆ ಹಾಕುವ ಕಟ್ಟವನ್ನು ನೆನೆಯಿರಿ. ನೀರು ಅಂಚಿನ ತನಕ ನಿಂತಿದೆ, ಗಾಳಿಗೆ ಏರುತ್ತ ಇಳಿಯುತ್ತ ಇದೆ. ಒಂದು ತೆರೆ ತುಸು ಎತ್ತರವಾಗಿ ಅಂಚು ದಾಟಿ ಚೆಲ್ಲುತ್ತದೆ. ಚೆಲ್ಲಿದ ಸಂದರ್ಭಗಳನ್ನಷ್ಟೇ ಆಯ್ದು, ಅಲ್ಲಿಂದ ಹಿಂದಕ್ಕೆ ನೋಡುತ್ತ ಸರಾಸರಿ ತೆಗೆದರೆ, ಪ್ರತಿ ಸಲವೂ ನೀರು ಮೊದಲೇ ಚೆಲ್ಲಲು ಸಿದ್ಧವಾಗುತ್ತಿದ್ದಂತೆ ಕಾಣುವುದು ಸಹಜ. ಮಿದುಳಿನಲ್ಲಿ ಸದಾ ನಡೆಯುವ ಸಣ್ಣ ಏರಿಳಿತಗಳು ಹಾಗೆಯೇ ಒಂದು ಅಂಚನ್ನು ದಾಟಿದಾಗ ಬೆರಳು ಅಲುಗುತ್ತದೆ. ಹಿಂದುಮುಂದಾಗಿ ಓಡಿಸಿದ ಟೇಪು ಆ ಏರಿಳಿತಕ್ಕೆ ಸಂಕಲ್ಪದ ವೇಷ ತೊಡಿಸಿತು ಎಂಬುದು ಅವರ ವಾದ. ಎಲ್ಲರೂ ಒಪ್ಪಿದ್ದಾರೆಂದಲ್ಲ, ಆದರೆ ಅಲ್ಲಿಂದ ಲಿಬೆಟ್‌ನ ಅಂಕಿಗಳನ್ನು ಹಿಂದಿನ ಧೈರ್ಯದಿಂದ ಯಾರೂ ಉಲ್ಲೇಖಿಸಲಾಗಲಿಲ್ಲ.

ಶಾಲೆಯಲ್ಲಿ ಕಿಟಕಿಯ ಗಾಜು ಒಡೆದ ಹುಡುಗನನ್ನು ನಿಲ್ಲಿಸಿ, ಬೇಕೆಂದೇ ಮಾಡಿದೆಯಾ ಎಂದು ನಾವೆಲ್ಲ ಕೇಳಿದವರೇ. ಆ ಪ್ರಶ್ನೆಯಲ್ಲಿ ನಾವು ಕೇಳುತ್ತಿದ್ದದ್ದು ಕಾರಣವಿಲ್ಲದೆ ಹುಟ್ಟಿದ ಸಂಕಲ್ಪವನ್ನಲ್ಲ. ಬುದ್ಧಿಮಾತು ಅವನಿಗೆ ತಾಗುತ್ತಿತ್ತೇ, ತಾಗಿದ್ದರೆ ಅವನ ಕೈ ನಿಲ್ಲುತ್ತಿತ್ತೇ ಎಂಬುದನ್ನು. ಇದಕ್ಕೆ ಉತ್ತರ 350 ಮಿಲಿಸೆಕೆಂಡಿನ ಅಂತರದಲ್ಲಿ ಸಿಗುವಂಥದಲ್ಲ. ಬೆರಳನ್ನು ಯಾವಾಗ ಎತ್ತಿದರೂ ಒಂದೇ ಎಂಬ ಕೆಲಸವನ್ನು ಕೊಟ್ಟು ಮನುಷ್ಯನ ಇಚ್ಛೆಯನ್ನು ಅಳೆದೆವೆನ್ನುವುದು, ನನಗೆ ತಿಳಿದಮಟ್ಟಿಗೆ, ಸುಲಭದ ಪ್ರಶ್ನಪತ್ರಿಕೆ ಕೊಟ್ಟು ತರಗತಿಯ ಮಟ್ಟ ನಿರ್ಧರಿಸಿದಂತೆ.

2019ರಲ್ಲಿ ಮಾವೋಜ್ ಮತ್ತು ಸಂಗಡಿಗರು ಈ ಕೊರತೆಯನ್ನು ತುಂಬಲು ನೋಡಿದರು. ಎರಡು ಸೇವಾಸಂಸ್ಥೆಗಳಲ್ಲಿ ಯಾವುದಕ್ಕೆ 1000 ಡಾಲರ್ ದೇಣಿಗೆ ಹೋಗಬೇಕೆಂದು ಗುಂಡಿ ಒತ್ತಿ ಆರಿಸಬೇಕು. ಕೆಲವು ಸುತ್ತುಗಳಲ್ಲಿ ಆಯ್ಕೆಗೆ ಬೆಲೆಯಿತ್ತು. ಇನ್ನು ಕೆಲವು ಸುತ್ತುಗಳಲ್ಲಿ ಏನನ್ನು ಒತ್ತಿದರೂ ಎರಡಕ್ಕೂ ಸಮಪಾಲು. ಬೆಲೆಯಿಲ್ಲದ ಆಯ್ಕೆಯ ಮುನ್ನ ಹಳೆಯ ಅಲೆ ಎದ್ದಿತು. ಬೆಲೆಯುಳ್ಳ ಆಯ್ಕೆಯ ಮುನ್ನ ಅದು ಇಲ್ಲವೆನ್ನುವಷ್ಟು ಕ್ಷೀಣವಾಗಿತ್ತು. ಅಂಥ ಆಯ್ಕೆಯ ಹಿಂದೆ ಕಾರಣಗಳೇ ಇಲ್ಲವೆಂದು ಇದರ ಅರ್ಥವಲ್ಲ. ಅವು ಆ ಅಲೆಯಲ್ಲಿ ಕಾಣಿಸಲಿಲ್ಲ ಎಂದಷ್ಟೇ. ಇಷ್ಟಾದರೂ ಆ ಪ್ರಯೋಗದಲ್ಲಿ ಒಂದೊಂದು ಆಯ್ಕೆಗೆ ಹಿಡಿದದ್ದು ಸೆಕೆಂಡುಗಳು. ಮೇ ತಿಂಗಳಿಡೀ ಬಸ್ಸಿನ ದೂರ, ನೆರೆಮನೆಯ ಮಗು, ಮುಂದಿನ ಕೆಲಸ, ಅಜ್ಜಿಯ ಮಾತು ಎಲ್ಲವನ್ನೂ ತೂಗಿ, ಜೂನ್ ಮೊದಲ ವಾರ ಮಗುವಿನ ಕೈಹಿಡಿದು ಕನ್ನಡ ಡಿವಿಷನ್ನಿನ ಬಾಗಿಲಿಗೋ ಪಕ್ಕದ ಬಾಗಿಲಿಗೋ ಬರುವ ತಾಯಿಯ ನಿರ್ಧಾರವನ್ನು ಅಳೆಯುವ ಯಂತ್ರ ಫ್ರೈಬುರ್ಗಿನಲ್ಲಾಗಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಾಗಲಿ ಇನ್ನೂ ತಯಾರಾಗಿಲ್ಲ.