ಡಿಗ್ರಿ ಆದಮೇಲಿನ ಮೆಟ್ಟಿಲು

"ಎಂಜಿನಿಯರ್ ಆದಿ ತಮ್ಮಾ, ಇನ್ನೇನ್ ಕಲಿಯೂದದ?"

ಯಾದಗಿರಿ, ಶಹಾಪುರ, ಸುರಪುರದ ಯಾವ ಕೇರಿಗೇ ಹೋಗಿ, ಬಿ.ಇ. ಇಲ್ಲವೆ ಬಿ.ಎಸ್ಸಿ. ಮುಗಿಸಿ ಬಂದ ಹುಡುಗನಿಗೆ ಈ ಮಾತು ತಪ್ಪಿದ್ದಲ್ಲ. ಕೇಳುವವರು ಕೆಟ್ಟವರಲ್ಲ. ಬಡ್ಡಿಗೆ ಸಾಲ ತಂದು ಓದಿಸಿದವರು. ಎಂ.ಟೆಕ್. ಅಂದರೇನು, ಸಂಶೋಧನೆ ಅಂದರೇನು, ಅದಕ್ಕೆ ರೊಕ್ಕ ಕೊಡುವವರು ಯಾರು ಎಂದು ಅವರಿಗೆ ಯಾರೂ ಹೇಳಿಲ್ಲ. ಹುಡುಗನಿಗೂ ಹೇಳಿಲ್ಲ.

ಗೆಳೆಯರೇ, ಇದರ ಚರಿತ್ರೆ 80 ವರ್ಷಕ್ಕೂ ಹಳೆಯದು. 1942ರ ಅಕ್ಟೋಬರಿನಲ್ಲಿ ಬಾಬಾಸಾಹೇಬರು ವೈಸರಾಯ್‌ಗೆ ಒಂದು ಮನವಿ ಕೊಟ್ಟರು. ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಪಟ್ಟಿ ಅದು. ಬರೀ ಬಿ.ಎ., ಕಾನೂನು ಓದಿದರೆ ನಮ್ಮವರಿಗೆ ಹೆಚ್ಚಿನ ಉಪಯೋಗವಿಲ್ಲ, ಬೇಕಾದದ್ದು ವಿಜ್ಞಾನ ತಂತ್ರಜ್ಞಾನಗಳ ಉನ್ನತ ಶಿಕ್ಷಣ ಎಂದು ನೇರ ಬರೆದರು. ಈ ದೇಶದಲ್ಲಿ ಅದನ್ನು ಓದುವವರಿಗೆ ವರ್ಷಕ್ಕೆ 2 ಲಕ್ಷ, ಪರದೇಶಕ್ಕೆ ಹೋಗುವವರಿಗೆ 1 ಲಕ್ಷ ರೂಪಾಯಿ ಕೇಳಿದರು. 1913ರಲ್ಲಿ ಬರೋಡಾದ ವಿದ್ಯಾರ್ಥಿವೇತನದಿಂದ ಕೊಲಂಬಿಯಾಕ್ಕೆ ಹೋದವರು ಅವರು. ತಾವು ಓದಿದ್ದು ಅರ್ಥಶಾಸ್ತ್ರ, ಕಾನೂನು; ನಮಗಾಗಿ ಕೇಳಿದ್ದು ಪ್ರಯೋಗಾಲಯ! 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು.

ಆಗ ನಮ್ಮ ಮೂರೂ ತಾಲೂಕುಗಳು ನಿಜಾಮನ ಕೈಯಲ್ಲಿದ್ದವು. 1918ರ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು. ದೇಸೀ ನುಡಿಯಲ್ಲಿ ಇದೆಲ್ಲ ಸಾಧ್ಯ ಎಂದು ತೋರಿಸಿದ್ದು ದೊಡ್ಡದೇ. ಆದರೆ ಜೀತದ ಹುಡುಗನ ಮನೆಯ ನುಡಿ ಅದಾಗಿರಲಿಲ್ಲ, ಅವನು ಸಾಲಿಯ ಮೆಟ್ಟಿಲನ್ನೇ ಹತ್ತಿರಲಿಲ್ಲ. 1956ರಲ್ಲಿ ಮೈಸೂರು ರಾಜ್ಯ ಸೇರಿದೆವು. 1958ರಲ್ಲಿ ಕಲಬುರಗಿಗೆ ಎಂಜಿನಿಯರಿಂಗ್ ಕಾಲೇಜು ಬಂತು. 1970ರಲ್ಲಿ ಧಾರವಾಡದವರ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಸ್ವಂತ ವಿಶ್ವವಿದ್ಯಾಲಯ. ಡಿಗ್ರಿಯ ಮುಂದಿನ ಓದು ನಮ್ಮ ಜಿಲ್ಲೆಗೆ ಬಂದು ಮುಟ್ಟಲು ಇಷ್ಟು ವರ್ಷ ಬೇಕಾದವು.

ಆಮೇಲೆ ಬಂದವು ಬಹಳ. 2005-06ರಲ್ಲಿ ಪರಿಶಿಷ್ಟ ಸಂಶೋಧಕರಿಗೆ ರಾಜೀವ್ ಗಾಂಧಿ ಫೆಲೋಶಿಪ್. ಈಗ ಅದರ ಹೆಸರು ಬದಲಾಗಿದೆ, ನೆಟ್ ಪರೀಕ್ಷೆಯ ಗೋಡೆಯೂ ಎದ್ದಿದೆ. 2013ರಿಂದ 371ಜೆ ಮೀಸಲಾತಿ. ಯಾದಗಿರಿ ಜಿಲ್ಲೆಯೂ ಆಯಿತು. 2011ರ ಜನಗಣತಿಯಲ್ಲಿ ಆ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ನ್ನೂ ಮುಟ್ಟಲಿಲ್ಲ, ರಾಜ್ಯದಲ್ಲೇ ಕಡೆಯದು.

ಕಾಲೇಜಿನೊಳಗೆ ಬರಲು ಸೀಟುಂಟು. ಪಿಎಚ್.ಡಿ. ಸೇರಿದವನಿಗೆ ಹಣವುಂಟು. ನಡುವಿನ ಎರಡು ಮೂರು ವರ್ಷ ಕತ್ತಲು. ಬೇಸಿಗೆಯಲ್ಲಿ ವಿಜ್ಞಾನ ಅಕಾಡೆಮಿಗಳು ವಿದ್ಯಾರ್ಥಿಗಳನ್ನು ಎರಡು ತಿಂಗಳು ದೊಡ್ಡ ಪ್ರಯೋಗಾಲಯಗಳಿಗೆ ಕರೆಸಿಕೊಳ್ಳುತ್ತವೆ, ವೇತನವನ್ನೂ ಕೊಡುತ್ತವೆ ಎಂಬುದು ನನಗೆ ಗೊತ್ತಾದದ್ದು ಬಿ.ಎಸ್ಸಿ. ಮುಗಿದಮೇಲೆ. ಅರ್ಜಿಗೆ ಒಬ್ಬ ಮೇಷ್ಟ್ರ ಪತ್ರ ಬೇಕಂತೆ. ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಬಾಯಿಬಿಡದೆ ಕುಂತವನ ಹೆಸರು ಯಾವ ಮೇಷ್ಟ್ರಿಗೆ ಗೊತ್ತಿರುತ್ತದೆ? ಸ್ಕಾಲರ್‌ಶಿಪ್ಪೋ, ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿ ಮಾಡಿದಮೇಲೆ ಕೈಗೆ ಬಂತು. ಹೀಗಾಗಿ ನಾನು ಕವಿಯಾದೆ ಅನ್ನಿ.

ಅತ್ತ ನಮ್ಮ ನೆಲವನ್ನು ಓದುವವರು ಹೊರಗಿನಿಂದಲೇ ಬಂದರು. 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬ ಇಲ್ಲಿಯ ಶಿಲಾಸಮಾಧಿಗಳ ಬಗ್ಗೆ ಬರೆದ. ನಮ್ಮ ಕಾಲಕ್ಕೆ ಶಹಾಪುರ ತಾಲೂಕಿನ ಗೋಗಿಯ ನೆಲದಡಿ ಯುರೇನಿಯಂ ಇದೆಯೆಂದು ಭೂವಿಜ್ಞಾನಿಗಳು ಬಂದು ಕೊರೆದು ಹೇಳಿದರು. ಆ ಕಲ್ಲನ್ನು ಪರೀಕ್ಷಿಸಿ ವರದಿ ಬರೆಯುವವಳು ಗೋಗಿಯ ಕೇರಿಯಿಂದಲೇ ಯಾಕೆ ಬರಬಾರದು? ಅವಳಿಗೆ ಎರಡನೇ ವರ್ಷದಲ್ಲೇ ಕರೆದು ಪತ್ರ ಬರೆದುಕೊಡುವ ಮೇಷ್ಟ್ರು ಬೇಕು. ಪರೀಕ್ಷೆಯ ಫೀಜಿಗೆ, ಬೆಂಗಳೂರಿನ ರೈಲಿಗೆ ಮೊದಲೇ ರೊಕ್ಕ ಬೇಕು. ಪಗಾರ ಸಿಗುವ ಮುಂಚೆಯೇ ಮನೆಗೆ ಹಣ ಕಳಿಸು ಅನ್ನದ ಎರಡು ವರ್ಷ ಬೇಕು. ಮತ್ತೆ, ಅವಳ ಅವ್ವನ ಮುಂದೆ ಕಟ್ಟೆಯ ಮೇಲೆ ಕುಂತು, "ಯವ್ವಾ, ಎಂ.ಎಸ್ಸಿ.ಗೂ ಸ್ಕಾಲರ್‌ಶಿಪ್ ಅದ. ಅದರ ಮುಂದ ಪರೀಕ್ಷಾ ಪಾಸಾದ್ರ ಸಂಶೋಧನಾಕ್ಕ ಸರಕಾರನ ತಿಂಗಳಾ ಮೂವತ್ತೇಳು ಸಾವಿರ ಕೊಡ್ತದ. ನಾ ಓದೀನಿ, ನನಗ ಗೊತ್ತದ" ಅನ್ನುವ ಅದೇ ಕೇರಿಯ ಅಕ್ಕನೊಬ್ಬಳು ಬೇಕು.