ಅರ, ಉಳಿ ಮತ್ತು ಪಠ್ಯಪುಸ್ತಕ: ಕಿರಿಯ ತಾಂತ್ರಿಕ ಶಾಲೆಗಳ ಕಥೆ

‘ಕಿರಿಯ ತಾಂತ್ರಿಕ ಶಾಲೆ’ ಎಂಬ ಹೆಸರನ್ನು ಇಂದಿನ ತರುಣರಲ್ಲಿ ಅನೇಕರು ಕೇಳಿರಲಾರರು. ರೂಢಿಯಲ್ಲಿ ಅದು ‘ಜೆ.ಟಿ.ಎಸ್.’ ಹುಡುಗರು ಮೂರು ವರ್ಷ ಭಾಷೆ, ಗಣಿತ, ವಿಜ್ಞಾನಗಳನ್ನು ಓದುತ್ತಲೇ ಕಾರ್ಯಾಗಾರದಲ್ಲಿ ಫಿಟ್ಟಿಂಗ್, ಮರಗೆಲಸ, ಕಮ್ಮಾರಿಕೆಗಳನ್ನೂ ಕಲಿಯುತ್ತಿದ್ದ ಸರ್ಕಾರಿ ಪ್ರೌಢಶಾಲೆ ಅದು. ಅಂಥದೊಂದು ಪುಟ್ಟ ಶಾಲೆಯಲ್ಲಿ ಕನ್ನಡ ಬೋಧಿಸಿದವನು ನಾನು. ನನ್ನ ಹಳೆಯ ವಿದ್ಯಾರ್ಥಿಗಳಿಗೂ ನಮ್ಮ ಮನೆಯ ಮಕ್ಕಳಿಗೂ ಈ ಶಾಲೆಗಳ ಹಿನ್ನೆಲೆ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಕಸುಬನ್ನು ಶಾಲೆಯಲ್ಲಿ ಕಲಿಸುವ ವಿಚಾರ ಮೈಸೂರು ಸೀಮೆಗೆ ಹೊಸದಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಬಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಈ ಕಾರ್ಯಕ್ಕೆ ವೇಗ ಬಂದಿತು. ಹೆಬ್ಬಾಳದ ಕೃಷಿ ಶಾಲೆ 1913ರಲ್ಲಿ ಆರಂಭವಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಾಗಿ ದುಡಿದುದಕ್ಕೆ ತಮಗೆ ಸಲ್ಲಬೇಕಿದ್ದ ಹಣವನ್ನು ಅವರು ತಾವು ಪಡೆಯದೆ, ಹುಡುಗರು ಕಸುಬು ಕಲಿಯುವ ಸಂಸ್ಥೆಗೆ ವಿನಿಯೋಗಿಸುವಂತೆ ಕೇಳಿಕೊಂಡರೆಂಬ ಪ್ರಸಂಗ ಪ್ರಸಿದ್ಧವಾಗಿದೆ. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಯೇ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಇಂದು ಅದನ್ನು ಎಸ್.ಜೆ. ಪಾಲಿಟೆಕ್ನಿಕ್ ಎಂದು ಕರೆಯುತ್ತೇವೆ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿನ ಚಹರೆಯೇ ಬದಲಾಯಿತು. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹುಟ್ಟಿಕೊಂಡವು. ಅವುಗಳಿಗೆ ನಕ್ಷೆ ಓದಬಲ್ಲ, ಅಳತೆ ತಪ್ಪದ ಕೈಗಳು ಬೇಕಾಗಿದ್ದವು. ಇದೇ ಹೊತ್ತಿಗೆ, ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಪ್ರೌಢ ಶಿಕ್ಷಣ ಆಯೋಗವು 1953ರ ವರದಿಯಲ್ಲಿ, ಪ್ರೌಢಶಾಲೆ ಕೇವಲ ಕಾಲೇಜಿನ ಬಾಗಿಲಾಗಿರಬಾರದು, ತಾಂತ್ರಿಕ, ಕೃಷಿ, ವಾಣಿಜ್ಯ ಮುಂತಾದ ಕವಲುಗಳೂ ಅದರಲ್ಲಿರಬೇಕು ಎಂದಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕಿರಿಯ ತಾಂತ್ರಿಕ ಶಾಲೆಗಳ ಯೋಜನೆ ಕಾರ್ಯರೂಪಕ್ಕೆ ಬಂದಿತು.

ಕಾರ್ಯಾಗಾರದ ಮೊದಲ ಪಾಠವನ್ನು ನಿಮ್ಮಲ್ಲಿ ಯಾರೂ ಮರೆತಿರಲಾರಿರಿ. ಕಬ್ಬಿಣದ ಒಂದು ತುಂಡನ್ನು ವೈಸಿನಲ್ಲಿ ಕಚ್ಚಿಸಿ, ಅರದಿಂದ ಉಜ್ಜಿ ಉಜ್ಜಿ ಸಮತಟ್ಟು ಮಾಡುವುದು. ಅಂಗೈಯಲ್ಲಿ ಬೊಬ್ಬೆಗಳೇಳುತ್ತಿದ್ದವು. ಬಳಿಕ ಮೂಲೆಮಟ್ಟವನ್ನು ಅದಕ್ಕೆ ತಾಗಿಸಿ ಬೆಳಕಿಗೆ ಹಿಡಿಯಬೇಕು. ಎರಡರ ನಡುವೆ ಬೆಳಕಿನ ಗೆರೆ ಕಂಡರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಪ್ರಬಂಧಕ್ಕೆ ಅಂಕ ಕೊಡುವಾಗ ನನ್ನಂಥವನ ಮರ್ಜಿಗೆ ಅವಕಾಶವಿತ್ತು. ಆ ಬೆಳಕಿನ ಗೆರೆಗೆ ಯಾರ ಮುಲಾಜೂ ಇರಲಿಲ್ಲ. ಪುಸ್ತಕದಲ್ಲಿ ಹಿಂದುಳಿದನೆಂದು ಹೆಸರಾದ ಹುಡುಗ ಅಲ್ಲಿ ಮೊದಲಿಗನಾಗುವುದನ್ನು ನಾನು ಕಂಡಿದ್ದೇನೆ. ಹಾಗೆ ಗೆದ್ದವನು ಮರುದಿನ ನನ್ನ ತರಗತಿಯಲ್ಲಿಯೂ ತಲೆಯೆತ್ತಿ ಕೂರುತ್ತಿದ್ದ.

ಹಾಗಿದ್ದರೆ ಈ ಶಾಲೆಗಳು ಏಕೆ ಹಬ್ಬಲಿಲ್ಲ? 1964ರಿಂದ 1966ರವರೆಗೆ ಅಧ್ಯಯನ ನಡೆಸಿದ ಕೊಠಾರಿ ಆಯೋಗವು ಇವುಗಳನ್ನು ತಾಂತ್ರಿಕ ಪ್ರೌಢಶಾಲೆಗಳೆಂದು ಕರೆಯಬೇಕೆಂದೂ, ಇಲ್ಲಿನ ಶಿಕ್ಷಣ ಇಲ್ಲಿಗೇ ಮುಗಿದು ಹುಡುಗರು ನೇರವಾಗಿ ಕೆಲಸಕ್ಕೆ ಸೇರುವಂತಿರಬೇಕೆಂದೂ ಸಲಹೆ ಮಾಡಿತು. ಯೋಜನೆ ರೂಪಿಸಿದವರಿಗೆ ಅದು ಸರಿಯಾಗಿ ಕಂಡಿರಬಹುದು. ಆದರೆ ತಂದೆತಾಯಿಗಳು ಶಾಲೆಗೆ ಬಂದು ಕೇಳುತ್ತಿದ್ದ ಮೊದಲ ಪ್ರಶ್ನೆಯೇ “ಮುಂದಕ್ಕೆ ಓದಬಹುದೇ ಮೇಷ್ಟ್ರೇ?” ಎಂಬುದು. ಸಿರಿವಂತರ ಮಗ ಎಷ್ಟು ದೂರವಾದರೂ ಓದಬಹುದು, ಬಡಗಿಯ ಮಗನ ಓದು ಮಾತ್ರ ಹದಿನೇಳಕ್ಕೆ ಮುಗಿಯಬೇಕು ಎಂಬುದನ್ನು ಅವರು ಹೇಗೆ ಒಪ್ಪಿಯಾರು? ನಮ್ಮ ಹುಡುಗರಲ್ಲಿ ಹಲವರು ಡಿಪ್ಲೊಮಾಕ್ಕೆ ಹೋದರು. ಇದು ಯೋಜನೆಯ ಉದ್ದೇಶಕ್ಕೆ ಹೊರತಾದ ಸಂಗತಿ. ನನ್ನ ದೃಷ್ಟಿಯಲ್ಲಿ ಶಾಲೆಯ ಸಾರ್ಥಕತೆ ಅದೇ.

ಮುಂದಿನ ಪ್ರಯತ್ನಗಳಿಗೂ ಇದೇ ತೊಡಕು ಎದುರಾಯಿತು. ಪದವಿಪೂರ್ವ ಹಂತದಲ್ಲಿ ಜೆ.ಒ.ಸಿ. ಎಂಬ ವೃತ್ತಿ ಕೋರ್ಸುಗಳು ಬಂದು, ಅನಂತರ ನಿಂತೂ ಹೋದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಆ ಹಂತದ ವಿದ್ಯಾರ್ಥಿಗಳಲ್ಲಿ 1990ರೊಳಗೆ ಶೇ. 10, 1995ರೊಳಗೆ ಶೇ. 25 ಮಂದಿ ವೃತ್ತಿ ಶಿಕ್ಷಣಕ್ಕೆ ಬರಬೇಕೆಂದಿತು. 1992ರ ಪರಿಷ್ಕರಣೆಯಲ್ಲಿ ಆ ಗಡುವುಗಳನ್ನು 1995 ಮತ್ತು 2000ಕ್ಕೆ ಮುಂದೂಡಲಾಯಿತು. 2020ರ ನೀತಿ ಕೊಡುವ ಅಂಕಿಅಂಶಗಳನ್ನು ನೋಡಿ: ನಮ್ಮಲ್ಲಿ 19ರಿಂದ 24ರ ವಯಸ್ಸಿನ ದುಡಿಯುವವರಲ್ಲಿ ಕ್ರಮಬದ್ಧವಾದ ವೃತ್ತಿ ಶಿಕ್ಷಣ ಪಡೆದವರು ಶೇ. 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96.

ನಮ್ಮ ಮಕ್ಕಳಿಗೆ ಕೈಚಳಕವಿಲ್ಲವೆಂದು ಈ ಅಂಕಿಗಳಿಂದ ತಿಳಿಯಬೇಕಿಲ್ಲ. ಕಡಿಮೆ ಅಂಕ ಬಂದವರನ್ನಷ್ಟೇ ಕಸುಬಿನ ಕಡೆಗೆ ಕಳುಹಿಸಿ, ಅವರ ಹಿಂದೆ ಕದವನ್ನೂ ಮುಚ್ಚಿದರೆ ಯಾವ ತಂದೆತಾಯಿ ತಾನೇ ಒಪ್ಪುತ್ತಾರೆ? ಕಾರ್ಯಾಗಾರ ಎಲ್ಲ ಮಕ್ಕಳಿಗೂ ದೊರೆಯಲಿ, ಅಲ್ಲಿಂದ ಮುಂದಿನ ಓದಿಗೆ ದಾರಿಯೂ ಇರಲಿ. ನಿಮ್ಮಲ್ಲಿ ಕೆಲವರು ಇಂದು ಸ್ವಂತ ಲೇತ್ ಇಟ್ಟುಕೊಂಡು ನಾಲ್ವರಿಗೆ ಅನ್ನ ಕೊಟ್ಟಿದ್ದೀರಿ, ಕೆಲವರು ಎಂಜಿನಿಯರಾಗಿದ್ದೀರಿ. ನಿಮ್ಮ ಮಕ್ಕಳಿಗೆ ರಜೆಯಲ್ಲಿ ಒಮ್ಮೆಯಾದರೂ ಅರ ಹಿಡಿಯುವುದನ್ನು ಕಲಿಸಿ. ಮೂಲೆಮಟ್ಟವನ್ನು ಬೆಳಕಿಗೆ ಹಿಡಿದು ನೋಡುವುದನ್ನೂ ತೋರಿಸಿಕೊಡಿ.