ಖಾಸಗಿ ಕಾಲೇಜು: ಸೀಟಿನ ಸೆಳೆತ, ಶುಲ್ಕದ ಭಾರ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದೊಡನೆ, ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿಯಂಥ ಬಡಾವಣೆಗಳಲ್ಲಿ ಮನೆಮಾತೆಲ್ಲ ಸೀಟಿನತ್ತ ಹೊರಳುತ್ತದೆ. ಬನಶಂಕರಿ, ಕುಮಾರಸ್ವಾಮಿ ಬಡಾವಣೆಯ ಆಸುಪಾಸಿನಲ್ಲಿ ಖಾಸಗಿ ಕಾಲೇಜುಗಳಿಗೆ ಕೊರತೆಯಿಲ್ಲ. ಪೋಷಕರನ್ನು ಕಾಡುವುದು ಹಣದ ಪ್ರಶ್ನೆ.

ಈ ಕಾಲೇಜುಗಳನ್ನು ಸಾಮಾನ್ಯವಾಗಿ ಟ್ರಸ್ಟ್ ಅಥವಾ ಸೊಸೈಟಿಗಳು ನಡೆಸುತ್ತವೆ. ಕಾಗದದ ಮೇಲೆ ಲಾಭವೆಂಬುದಿಲ್ಲ. ಆದರೆ 'ಡೊನೇಷನ್' ಎಂಬ ಪದ ಕನ್ನಡಿಗರಿಗೆ ಹೊಸದಲ್ಲ.

ಬೆಳೆದ ಬಗೆ

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಸರ್ಕಾರಿ ಸೀಟುಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ, ವಿದ್ಯಾರ್ಥಿಗಳ ಹಣದಿಂದಲೇ ಕಾಲೇಜು ಕಟ್ಟುವ ಮಾದರಿ ರಾಜ್ಯದಾದ್ಯಂತ ಹಬ್ಬಿತು. ತಮ್ಮೂರಿನಲ್ಲಿ ಅವಕಾಶ ವಂಚಿತರಾದ ಹೊರರಾಜ್ಯದವರೂ ಕರ್ನಾಟಕದತ್ತ ಮುಖ ಮಾಡಿದರು. ಸೆಳೆತದ ಗುಟ್ಟು ಇದೇ: ಅಂಕ ತುಸು ಕಡಿಮೆಯಾದರೂ ಬಾಗಿಲು ಮುಚ್ಚುವುದಿಲ್ಲ.

ನ್ಯಾಯಾಲಯದ ಹಾದಿ

ವಂತಿಗೆ ವಸೂಲಿಯನ್ನು ನಿಷೇಧಿಸಿ ರಾಜ್ಯವು 1984ರಲ್ಲಿಯೇ ಕಾಯ್ದೆ ರೂಪಿಸಿತು. ಅದರಡಿ 1989ರಲ್ಲಿ ಹೊರಟ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000 ರೂ., ಹೊರರಾಜ್ಯದವರಿಗೆ 60,000 ರೂ. ಮಿತಿ ನಿಗದಿಪಡಿಸಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ವಂತಿಗೆಯನ್ನು ಅಕ್ರಮವೆಂದು ಸಾರಿತು. 1993ರ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಉಚಿತ ಮತ್ತು ಪಾವತಿ ಎಂದು ಸಮನಾಗಿ ವಿಂಗಡಿಸಿತು. 1994ರಲ್ಲಿ ರಾಜ್ಯದಲ್ಲಿ ಸಿಇಟಿ ಜಾರಿಗೆ ಬಂತು.

ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ಈ ವ್ಯವಸ್ಥೆಯನ್ನು ಬದಲಿಸಿತು. ಸಂಸ್ಥೆಯ ಬೆಳವಣಿಗೆಗಾಗಿ ಸಮಂಜಸ ಮಿಗುತಾಯ ಇರಬಹುದು, ಲಾಭಕೋರತನ ಕೂಡದು ಎಂಬುದು ಅದರ ತಿರುಳು. 2005ರ ಇನಾಂದಾರ್ ತೀರ್ಪು ವಂತಿಗೆ ತಡೆಗೆ ಶುಲ್ಕ ನಿಯಂತ್ರಣ ಸಲ್ಲುತ್ತದೆಂದು ಎತ್ತಿಹಿಡಿಯಿತು. ಮಿಗುತಾಯ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಆರಂಭವಾಗುತ್ತದೆ ಎಂಬುದೇ ಇಂದಿಗೂ ತಕರಾರಿನ ಮೂಲ.

ಪೋಷಕರು ಗಮನಿಸಬೇಕಾದ್ದು

ಎಂಜಿನಿಯರಿಂಗ್‌ನಲ್ಲಿ ಸಿಇಟಿ, ಕಾಮೆಡ್-ಕೆ ಹಾಗೂ ಆಡಳಿತ ಮಂಡಳಿ ಸೀಟುಗಳ ಶುಲ್ಕ ಬೇರೆಬೇರೆ. ಒಂದೇ ತರಗತಿಯಲ್ಲಿ, ಒಂದೇ ಬೆಂಚಿನಲ್ಲಿ ಕೂತವರು ತೆತ್ತ ಹಣದಲ್ಲಿ ಅಜಗಜಾಂತರವಿರಬಹುದು. ವೈದ್ಯಕೀಯ ಪ್ರವೇಶಕ್ಕೆ ನೀಟ್ ಅರ್ಹತೆ ಕಡ್ಡಾಯವಾದ್ದರಿಂದ, ಹಣವೊಂದೇ ಅಲ್ಲಿ ಸೀಟು ಕೊಡಿಸಲಾರದು.

ಮೊದಲ ವರ್ಷದ ಶುಲ್ಕವನ್ನಷ್ಟೇ ನೋಡದೆ ಇಡೀ ಕೋರ್ಸಿನ ಲೆಕ್ಕ ಹಾಕುವುದು ಲೇಸು. ವಿಶ್ವವಿದ್ಯಾಲಯದ ಸಂಯೋಜನೆ, ಆಯಾ ಕೋರ್ಸಿನ ಮಾನ್ಯತೆ, ಬೋಧಕರ ಸಂಖ್ಯೆಯನ್ನು ಖುದ್ದು ವಿಚಾರಿಸಬೇಕು. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಬೇಕು. ರಸೀದಿಯಿಲ್ಲದ ಹಣಕ್ಕೆ ಮುಂದೆ ಸಾಕ್ಷ್ಯವಿರುವುದಿಲ್ಲ. ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ.